ಉಪ್ಪಿನ ದ್ರವದಲ್ಲಿ ಹೈಡ್ರೋಜನೇಷನ್

ಪ್ರಶ್ನೆ: ಸರ್, ಪುಣೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಹೈಡ್ರೋಜನೇಷನ್‌ಗೆ (ಅಣುವಿಗೆ ಹೈಡ್ರೋಜನ್ ಸೇರಿಸುವ ಕ್ರಿಯೆಗೆ) ಅಯಾನಿಕ್ ದ್ರವ ಬಳಸಿದರೆ ಏನು ಲಾಭ?

ಉತ್ತರ: ದುಬಾರಿ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಉಳಿಯುತ್ತದೆ, ಅದೇ ಲಾಭ. ಅಯಾನಿಕ್ ದ್ರವ ಅಂದರೆ ಕೋಣೆಯ ಉಷ್ಣತೆಯಲ್ಲೂ ದ್ರವವಾಗಿಯೇ ಇರುವಂಥ ಉಪ್ಪು. ಕ್ಯಾಟಲಿಸ್ಟ್ ಆದ ರೋಡಿಯಂ ಲೋಹದ ಸಂಯುಕ್ತ ಅದರಲ್ಲೇ ಕರಗಿ ಕೂರುತ್ತದೆ. ಪೆಂಟೀನ್‌ಗೆ ಹೈಡ್ರೋಜನ್ ಸೇರಿ ಆದ ಪೆಂಟೇನ್ ಎಣ್ಣೆಯ ಹಾಗೆ ಮೇಲೆ ತೇಲುತ್ತದೆ. ಮೇಲಿನ ಪದರ ಬಸಿದುಕೊಂಡು, ಕೆಳಗಿನದ್ದನ್ನು ಮತ್ತೆ ಬಳಸಬಹುದು. ಫ್ರಾನ್ಸಿನ ರಸಾಯನ ವಿಜ್ಞಾನಿ ಈವ್ ಶೋವಾಂ ಅವರ ತಂಡ 1995ರಲ್ಲೇ ಇದನ್ನು ತೋರಿಸಿತ್ತು.

ಆದರೆ ಇದರಲ್ಲಿ ಹೈಡ್ರೋಜನ್ ಕರಗುವುದು ತೀರಾ ಕಡಿಮೆ. ದ್ರವವೂ ಮಂದ, ಸುಲಭವಾಗಿ ಹರಿಯದು. ನಾನು ಮುಂಬೈ ಹತ್ತಿರದ ಡೊಂಬಿವಲಿಯ ಲ್ಯಾಬ್‌ನಲ್ಲಿದ್ದಾಗ, ಆಟೋಕ್ಲೇವ್‌ನ (ಒತ್ತಡ ತಡೆಯುವ ಮುಚ್ಚಿದ ಪಾತ್ರೆ) ಸ್ಟರರ್, ಅಂದರೆ ಕಲಕುವ ಕಡ್ಡಿ, ಜೋರು ಮಾಡಿದ ಮೇಲೆಯೇ ಪ್ರೆಷರ್ ಮುಳ್ಳು ಇಳಿಯುತ್ತಿತ್ತು, ಅಂದರೆ ಹೈಡ್ರೋಜನ್ ಕ್ರಿಯೆಗೆ ಬಳಕೆಯಾಗುತ್ತಿತ್ತು. ಅಯಾನಿಕ್ ದ್ರವ ‘ಹಸಿರು ದ್ರಾವಕ’ (ಪರಿಸರಕ್ಕೆ ಹಾನಿ ಮಾಡದ್ದು) ಅಂತ ಸುಮ್ನೆ ನಂಬಬೇಡಿ. ಪಿಎಫ್6 (ಫಾಸ್ಫರಸ್-ಫ್ಲೋರಿನ್ ಅಯಾನು) ಇರುವ ದ್ರವಕ್ಕೆ ನೀರು ತಾಗಿ ಬಿಸಿಯಾದರೆ ಎಚ್‌ಎಫ್, ಅಂದರೆ ಹೈಡ್ರೋಜನ್ ಫ್ಲೋರೈಡ್, ಹುಟ್ಟಬಹುದು. ಅದು ಗಾಜನ್ನೂ ತಿನ್ನುತ್ತದೆ. ಪುಣೆಯ ಮಳೆಗಾಲದಲ್ಲಂತೂ ವ್ಯಾಕ್ಯೂಮ್‌ನಲ್ಲಿ ಚೆನ್ನಾಗಿ ಒಣಗಿಸಿಯೇ ಬಳಸಿ.