'ಮೆಡಲ್' ಮಾರೋ ಮುಂಚೆ ಒಂದ್ಸಲ ಮಗುಚಿ ಹಾಕಿ

ನಮ್ಮ ರೆಕಾರ್ಡ್ ಕೇಳುಗರ ಗುಂಪಿನಲ್ಲಿ ನಿಮ್ಮ ಪೋಸ್ಟ್ ನೋಡಿದೆ. ಬ್ರಿಟನ್ನಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ 'ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್ ಕೇಳಿ ಮರುಳಾಗಿ, ಅದೇ ಖುಷಿಯಲ್ಲಿ ಭಾನುವಾರದ ಬಜಾರಿನಲ್ಲಿ ಸಿಕ್ಕ ಅವರದೇ 'ಮೆಡಲ್' ಎಲ್‌ಪಿ ರೆಕಾರ್ಡ್ ತಗೊಂಡು ಬಂದಿದ್ದೀರಿ. ಮೊದಲ ಬದಿ ಹಾಕಿದಿರಿ. ಕೊನೆಯಲ್ಲಿ ನಾಯಿ ಊಳಿಟ್ಟಿತು. ಎತ್ತಿಟ್ಟುಬಿಟ್ಟಿರಿ. ಈಗ 'ಇದನ್ನ ಯಾಕೆ ಜನ ಇಷ್ಟು ಹೊಗಳ್ತಾರೆ, ಮಾರಿಬಿಡಲಾ?' ಅಂತ ಕೇಳ್ತಿದ್ದೀರಿ.

ಸದ್ಯಕ್ಕೆ ಮಾರಬೇಡಿ. ನಿಮಗೆ ಬೇಜಾರಾಗಿದ್ದರಲ್ಲಿ ತಪ್ಪೇನೂ ಇಲ್ಲ. ಈ ಆಲ್ಬಮ್ ಬಗ್ಗೆ ಕೇಳುಗರ ಜಗಳ ಹಳೇದು. ಒಬ್ಬರು 'ಫ್ಲಾಯ್ಡ್ ನಿಜವಾಗಿ ಹುಟ್ಟಿದ್ದೇ ಇಲ್ಲಿ' ಅಂತಾರೆ. ಇನ್ನೊಬ್ಬರು 'ಒಂದು ಹಾಡು ಬಿಟ್ಟರೆ ಉಳಿದಿದ್ದು ಜೊಳ್ಳು' ಅಂತಾರೆ. ನಾನು ನೋಡಿದ ಮಟ್ಟಿಗೆ, ಯಾರು ಯಾವ ಕಡೆಯಿಂದ ಬಂದರು ಅನ್ನೋದರ ಮೇಲೆ ಅವರ ತೀರ್ಪು ನಿಂತಿರುತ್ತೆ. ಶುರುವಿನಲ್ಲಿ ಹೆಚ್ಚಿನ ಹಾಡು ಬರೆದ ಸಿಡ್ ಬ್ಯಾರೆಟ್ 1968ರಲ್ಲಿ ಬ್ಯಾಂಡ್ ಬಿಟ್ಟ ಮೇಲೆ ಇವರು ಮೂರು ವರ್ಷ ದಾರಿ ಹುಡುಕುತ್ತಾ ಅಲೆದರು. ಅಲ್ಲಿಂದ ವರ್ಷದ ಕ್ರಮದಲ್ಲಿ ಕೇಳುತ್ತಾ ಬಂದವರಿಗೆ 1971ರ 'ಮೆಡಲ್' ಬಂದಾಗ ಅಬ್ಬಾ, ಕೊನೆಗೂ ದಾರಿ ಸಿಕ್ತು ಅನ್ನಿಸುತ್ತೆ. ನಿಮ್ಮ ಹಾಗೆ 1973ರ 'ಡಾರ್ಕ್ ಸೈಡ್'ನಿಂದ ಹಿಂದಕ್ಕೆ ಬಂದವರದು ಬೇರೆ ಕಥೆ. ಮೈಸೂರಿಗೆ ಅಂತ ಹೊರಟು ಮದ್ದೂರಲ್ಲಿ ಇಳಿದ ಹಾಗೆ. ವಡೆ ಚೆನ್ನಾಗಿದೆ, ಆದ್ರೆ ಅರಮನೆ ಎಲ್ಲಿ?

ಇದರ ಹಿಂದಿನ ಆಲ್ಬಮ್ 1970ರ 'ಆಟಮ್ ಹಾರ್ಟ್ ಮದರ್'. ಕವರ್ ಮೇಲೆ ಹಸು ಇದೆಯಲ್ಲಾ, ಅದೇ. ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನಕ್ಕೆ ಹೋಯಿತು. ಆದರೆ ಅದರ ದೊಡ್ಡ ಹಾಡಿಗೆ ಹೊರಗಿನಿಂದ ವಾದ್ಯದವರನ್ನು, ಕೋರಸ್‌ನವರನ್ನು ಕರೆಸಬೇಕಾಯಿತು. ಮುಂದೆ ಬ್ಯಾಂಡಿನ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ಅವರೇ ಆ ಆಲ್ಬಮ್ಮನ್ನು ಹಳಿದರು. 'ಮೆಡಲ್'ಗಾಗಿ 1971ರ ಜನವರಿಯಲ್ಲಿ ಸ್ಟುಡಿಯೋಗೆ ಹೋದಾಗ ಇವರ ಕೈಯಲ್ಲಿ ಒಂದು ಹಾಡೂ ಇರಲಿಲ್ಲ. ಸುಮ್ನೆ ತುಣುಕು ತುಣುಕಾಗಿ ಏನೇನೋ ನುಡಿಸಿ ರೆಕಾರ್ಡ್ ಮಾಡಿಟ್ಟರು. ಒಬ್ಬರು ನುಡಿಸಿದ್ದು ಇನ್ನೊಬ್ಬರಿಗೆ ಕೇಳಿಸದ ಹಾಗೆ ನುಡಿಸುವ ಆಟವೂ ನಡೆಯಿತು. ಆ ತುಣುಕುಗಳಿಗೆ ಇಟ್ಟ ಹೆಸರು 'ನಥಿಂಗ್', 1ರಿಂದ 24. ಏನೂ ಇಲ್ಲ 1, ಏನೂ ಇಲ್ಲ 2, ಹಾಗೆ. ಹೆಚ್ಚಿನದೆಲ್ಲ ಕಸದ ಬುಟ್ಟಿಗೆ ಹೋಯಿತು. ಉಳಿದದ್ದು ಒಂದು ಪಿಯಾನೋ ಸ್ವರ. ಬ್ಯಾಂಡಿನ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಪಿಯಾನೋದ ಒಂದು ಕೀ ಒತ್ತಿದರು. ಆ ಸದ್ದನ್ನು ಲೆಸ್ಲಿ ಅನ್ನೋ ತಿರುಗುವ ಸ್ಪೀಕರ್ ಮೂಲಕ ಹಾಯಿಸಿದರು. 'ಪಿಂಗ್'. ನೀರೊಳಗೆ ಗಂಟೆ ಹೊಡೆದ ಹಾಗೆ.

ಆ 'ಪಿಂಗ್'ನಿಂದಲೇ ನಿಮ್ಮ ರೆಕಾರ್ಡಿನ ಎರಡನೇ ಬದಿ ಶುರುವಾಗೋದು. ಹಾಡಿನ ಹೆಸರು 'ಎಕೋಸ್'. ಪೂರ್ತಿ ಬದಿ ಅದೊಂದೇ, ಇಪ್ಪತ್ಮೂರೂವರೆ ನಿಮಿಷ. ನೀವು ಇನ್ನೂ ಆ ಕಡೆಗೆ ಹೋಗೇ ಇಲ್ಲ ಅಲ್ವಾ? ಅದಕ್ಕೇ ಹೇಳ್ತಿರೋದು, ಮಗುಚಿ ಹಾಕಿ.

ಕೇಳೋ ಕ್ರಮ ಹೇಳ್ತೀನಿ. ರಾತ್ರಿ ಒಂಬತ್ತೂವರೆ ಮೇಲೆ, ರಸ್ತೆಯಲ್ಲಿ ಹಾರ್ನ್ ಕಮ್ಮಿ ಆದಾಗ ಹಾಕಿ. ಮೊಬೈಲ್ ಸ್ಪೀಕರ್ ಬೇಡ. ಮೊದಲ ಮೂರು ನಿಮಿಷ ಯಾರೂ ಹಾಡಲ್ಲ, ಕಾಯಿರಿ. ಆಮೇಲೆ ಗಿಲ್ಮೋರ್ ಮತ್ತು ರೈಟ್ ಸೇರಿ ಹಾಡ್ತಾರೆ. ಇಬ್ಬರ ದನಿ ಎಷ್ಟು ಬೆರೆತಿದೆ ಅಂದ್ರೆ ಯಾರದು ಯಾವುದು ಅಂತ ಗೊತ್ತಾಗಲ್ಲ. ಏಳನೇ ನಿಮಿಷದ ಹೊತ್ತಿಗೆ ಹಾಡು ಕುಣಿಯೋ ಲಯಕ್ಕೆ ಬರುತ್ತೆ. ಹನ್ನೊಂದರ ಮೇಲೆ ಎಲ್ಲಾ ಬಿದ್ದುಹೋಗುತ್ತೆ. ಗಾಳಿ, ಕಾಗೆ, ಜೊತೆಗೊಂದು ಕಿರುಚಾಟ. ಅದು ಪ್ರಾಣಿಯದಲ್ಲ, ಗಿಲ್ಮೋರ್ ಅವರ ಗಿಟಾರ್. ಗಿಟಾರಿನ ಸದ್ದು ಬದಲಿಸೋಕೆ ಕಾಲಲ್ಲಿ ಒತ್ತೋ ವಾ-ವಾ ಪೆಡಲ್ಲಿಗೆ ವೈರನ್ನು ಉಲ್ಟಾ ಚುಚ್ಚಿದರೆ ಬರೋ ಸದ್ದು ಅದು. ಒಳಗೆ ಹೋಗಬೇಕಾದ್ದು ಹೊರಗೆ, ಹೊರಗಿನದು ಒಳಗೆ. ನನ್ನ ಹತ್ತಿರ ಪೆಡಲ್ ಇದ್ದಾಗ ನಾನೂ ಮಾಡಿ ನೋಡಿದ್ದೆ. ಪಕ್ಕದ ಮನೆ ಆಂಟಿ ಬಂದು 'ಬೆಕ್ಕಿಗೇನಾಯ್ತು?' ಅಂದರು.

ಆಮೇಲೆ ಹದಿನೈದನೇ ನಿಮಿಷ. ಕತ್ತಲಲ್ಲಿ ಮತ್ತೆ ಅದೇ 'ಪಿಂಗ್' ಕೇಳುತ್ತೆ. ಅದರ ಮೇಲೆ ಆರ್ಗನ್, ಬೇಸ್, ಡ್ರಮ್ಸ್ ಒಂದೊಂದಾಗಿ ಕೂಡಿಕೊಳ್ತಾ ಹೋಗುತ್ತೆ. ನಿಮ್ಮ 'ಡಾರ್ಕ್ ಸೈಡ್' ನನಗೆ ಕಾಣಿಸೋದು ಇಲ್ಲೇ. ಹೊರಗಿನ ವಾದ್ಯವೃಂದ ಬೇಕಾಗಲಿಲ್ಲ. ನಾಲ್ಕೇ ಜನ, ಒಂದು ಸಣ್ಣ ತುಣುಕು, ಅದನ್ನು ಅವಸರ ಇಲ್ಲದೆ ಬೆಳೆಸೋದು. 1971ರಲ್ಲಿ ಅವರು ಕಲಿತ ಪಾಠ ಇದು.

ನಮ್ಮ ಗುಂಪಿನವರೇ ಆರು ಜನ ಮಲ್ಲೇಶ್ವರದ ಗೆಳೆಯರೊಬ್ಬರ ಮನೆಯಲ್ಲಿ ಕೂತು ಇದನ್ನು ಕೇಳಿದ್ದೆವು. ಅವರ ತಾಯಿ ಕರ್ನಾಟಕ ಸಂಗೀತ ಹಾಡೋವರು. ಕಾಫಿ ಕೊಡೋಕೆ ಬಂದವರು ಬಾಗಿಲಲ್ಲೇ ನಿಂತರು. ಐದು ನಿಮಿಷ ಆದ ಮೇಲೆ, 'ಶ್ರುತಿ ಸೇರಿಸಿಕೊಳ್ಳೋಕೆ ಇಷ್ಟು ಹೊತ್ತಾ ಇವರಿಗೆ?' ಅಂತ ಕೇಳಿದರು. ನಾವು ನಕ್ಕೆವು. ಆದರೆ ಅವರು ಹೋಗಲಿಲ್ಲ. ಕೊನೆಯವರೆಗೂ ನಿಂತೇ ಕೇಳಿದರು. 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬ್ಯಾಂಡಿನ ಕಾರ್ಯಕ್ರಮ ನೋಡಿದ ನಮ್ಮ ಮೆಟಲ್ ಗೆಳೆಯ ಮಾತ್ರ ಎರಡು ಸಲ ಆಕಳಿಸಿದ. ಅವನಿಗೆ ಮೊದಲ ಬದಿಯ ಮೊದಲ ಹಾಡು ಸಾಕಂತೆ.

ಆವತ್ತು ಇನ್ನೊಂದು ತಮಾಷೆ ಆಯಿತು. ಗಾಳಿ ಬೀಸೋ ಭಾಗದಲ್ಲಿ ಕರೆಂಟ್ ಹೋಯಿತು. ಸ್ಪೀಕರಿಗೆ ಸದ್ದು ಕೊಡೋ ಆಂಪ್ ಯುಪಿಎಸ್‌ಗೆ ಹಾಕಿತ್ತು, ಪ್ಲೇಯರ್ ಗೋಡೆಯ ಪ್ಲಗ್ಗಿಗೆ. ರೆಕಾರ್ಡ್ ನಿಧಾನ ಆಗ್ತಾ ಆಗ್ತಾ, ಕಾಗೆ ಕೂಗು ಎಮ್ಮೆ ಕೂಗಾಗಿ, ಊಂ ಅಂತ ಇಳಿದು ನಿಂತುಹೋಯಿತು. ಕತ್ತಲು. ಹೊಸದಾಗಿ ಬಂದಿದ್ದ ಹುಡುಗ 'ಆಹಾ, ಎಂಥಾ ಐಡಿಯಾ ಸಾರ್' ಅಂದ. ಎರಡನ್ನೂ ಒಂದೇ ಕಡೆ ಹಾಕಿ, ಇದು ನನ್ನ ಸಲಹೆ.

ಇನ್ನು ಮೊದಲ ಬದಿ. 'ಒನ್ ಆಫ್ ದೀಸ್ ಡೇಸ್' ನಿಮಗೆ ಹಿಡಿಸಿರಬೇಕು. ಅದರಲ್ಲಿರೋದು ಎರಡು ಬೇಸ್ ಗಿಟಾರ್, ಬಿನ್ಸನ್ ಅನ್ನೋ ಇಟಲಿಯ ಎಕೋ ಯಂತ್ರದ ಮೂಲಕ. ಒಂದು ಸ್ಪೀಕರಿನಲ್ಲಿ ಗಿಲ್ಮೋರ್, ಸ್ವಲ್ಪ ಹೊತ್ತಿಗೆ ಇನ್ನೊಂದರಲ್ಲಿ ಬ್ಯಾಂಡಿನ ಬೇಸ್ ವಾದಕ ರೋಜರ್ ವಾಟರ್ಸ್. ಎರಡನೇದರ ಸದ್ದು ಮಂಕು. ತಂತಿ ಹಳೇದು. ಹೊಸ ತಂತಿ ತರೋಕೆ ಕಳಿಸಿದ ಹುಡುಗ ಗರ್ಲ್‌ಫ್ರೆಂಡ್ ನೋಡೋಕೆ ಹೋದನಂತೆ. ನಿಮ್ಮ ಸ್ಪೀಕರ್ ಎರಡೂ ಸರಿ ಇದೆಯಾ ಅಂತ ಪರೀಕ್ಷೆ ಮಾಡೋಕೆ ಈ ಮೊದಲ ನಿಮಿಷಕ್ಕಿಂತ ಒಳ್ಳೇದು ಸಿಗಲ್ಲ. ಎರಡೂ ಕಡೆ ಬೇರೆ ಬೇರೆಯಾಗಿ ಕೇಳದಿದ್ದರೆ ವೈರ್ ನೋಡಿ. ಮಧ್ಯೆ ಬರೋ ಒಂದೇ ಒಂದು ಒರಟು ಮಾತು ಡ್ರಮ್ಮರ್ ನಿಕ್ ಮೇಸನ್ ಅವರದು.

'ಫಿಯರ್‌ಲೆಸ್' ನನ್ನ ಪಾಲಿಗೆ ಮೊದಲ ಬದಿಯ ಚಿನ್ನ. ಸದ್ದಿಲ್ಲದೆ ಮೆಟ್ಟಿಲು ಹತ್ತೋ ಹಾಗಿರೋ ಗಿಟಾರ್. ಕೊನೆಯಲ್ಲಿ ಲಿವರ್‌ಪೂಲ್ ಫುಟ್‌ಬಾಲ್ ಅಭಿಮಾನಿಗಳು ಮೈದಾನದಲ್ಲಿ ಒಟ್ಟಿಗೆ ಹಾಡೋದನ್ನು ಸೇರಿಸಿದ್ದಾರೆ. ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಆರ್‌ಸಿಬಿ, ಆರ್‌ಸಿಬಿ ಅಂತ ಕೂಗ್ತಾರಲ್ಲ, ಅದನ್ನ ಭಾವಗೀತೆಯ ಕೊನೆಗೆ ಅಂಟಿಸಿದ ಹಾಗೆ. ಹೇಳಿದರೆ ನಗು ಬರುತ್ತೆ, ಕೇಳಿದರೆ ಮೈ ಜುಂ ಅನ್ನುತ್ತೆ.

'ಎ ಪಿಲೋ ಆಫ್ ವಿಂಡ್ಸ್' ಮಳೆಗಾಲದ ಸಂಜೆಗೆ ಪರವಾಗಿಲ್ಲ. 'ಸಾನ್ ತ್ರೋಪೇ' ರಜೆಯ ಹಾಡು, ವಾಟರ್ಸ್ ಒಬ್ಬರೇ ಬರೆದಿದ್ದು, ಬಂತು ಹೋಯ್ತು. ನಿಮ್ಮ ತಲೆ ಕೆಡಿಸಿದ ನಾಯಿ ಹಾಡು 'ಶೇಮಸ್'. ಅದು ಆ ನಾಯಿಯ ಹೆಸರೇ. ಹಂಬಲ್ ಪೈ ಬ್ಯಾಂಡಿನ ಸ್ಟೀವ್ ಮ್ಯಾರಿಯಟ್ ಅವರ ನಾಯಿ. ಅದನ್ನ ಇಷ್ಟಪಡೋವರು ಇದ್ದಾರೆ ಅಂತ ಕೇಳಿದ್ದೀನಿ, ಒಬ್ಬರನ್ನೂ ನೋಡಿಲ್ಲ. ಎರಡು ನಿಮಿಷ ಚಿಲ್ಲರೆ, ಬದಿಯ ಕೊನೆಯಲ್ಲಿದೆ. ಮುಳ್ಳು ಎತ್ತಿಬಿಡಿ, ಫ್ಲಾಯ್ಡ್‌ಗೆ ಅವಮಾನ ಏನೂ ಆಗಲ್ಲ.

ಕವರ್ ಅರ್ಥ ಆಗಲಿಲ್ಲ ಅಂದಿದ್ದೀರಿ. ಪೂರ್ತಿ ಬಿಚ್ಚಿ ಅಡ್ಡ ತಿರುಗಿಸಿ ಹಿಡಿಯಿರಿ. ನೀರೊಳಗಿನ ಕಿವಿ, ಮೇಲೆ ಅಲೆಗಳ ಉಂಗುರ. ಕವರ್ ಮಾಡಿದ ಸ್ಟಾರ್ಮ್ ಥಾರ್ಗರ್ಸನ್ ಮೊದಲು ಬಬೂನ್ ಕೋತಿಯ ಹಿಂಭಾಗದ ಫೋಟೋ ಹಾಕೋಣ ಅಂದಿದ್ದರು. ಬ್ಯಾಂಡಿನವರು ಬೇಡ ಅಂದಿದ್ದು ನಮ್ಮ ಪುಣ್ಯ. ಹೆಸರಿನಲ್ಲೂ ಚೇಷ್ಟೆ ಇದೆ. ಪದಕ ಅನ್ನೋ ಅರ್ಥಕ್ಕೂ, ಮೂಗು ತೂರಿಸೋದು ಅನ್ನೋ ಅರ್ಥಕ್ಕೂ ಸರಿಹೋಗೋ ಹಾಗೆ ಇಟ್ಟದ್ದು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಆಗೋದರಿಂದ ಆ ಚೇಷ್ಟೆ ನಮಗೆ ಪುಕ್ಕಟೆ.

ರೆಕಾರ್ಡ್ ಬಗ್ಗೆ ಎರಡು ಮಾತು. ಒಂದೊಂದು ಬದಿಯಲ್ಲೂ 23 ನಿಮಿಷಕ್ಕೂ ಜಾಸ್ತಿ ಸಂಗೀತ ತುಂಬಿದ್ದಾರೆ. ಗೆರೆಗಳು ಒತ್ತೊತ್ತಾಗಿರುತ್ತವೆ, ಸದ್ದು ಸ್ವಲ್ಪ ಕಮ್ಮಿ. 'ಎಕೋಸ್' ಶುರುವಾಗೋದು ಪೂರ್ತಿ ನಿಶ್ಶಬ್ದದಲ್ಲಿ. ಒಂದು ಕಣ ಧೂಳಿದ್ದರೂ 'ಪಿಂಗ್' ಜೊತೆ ಚಟಪಟ ಕೇಳುತ್ತೆ. ನಮ್ಮ ರಸ್ತೆಗಳ ಧೂಳು ಗೊತ್ತಲ್ಲ. ಪ್ರತಿ ಸಲ ಹಾಕೋ ಮುಂಚೆ ಧೂಳು ತೆಗೆಯೋ ಕಾರ್ಬನ್ ಎಳೆಯ ಬ್ರಷ್ ಆಡಿಸಿ, ಮುಳ್ಳಿನ ತುದಿಯನ್ನೂ ಹಿಂದಿನಿಂದ ಮುಂದಕ್ಕೆ ಸವರಿ. ಬಜಾರಿನ ಮಾಲಾದ್ದರಿಂದ ಒಮ್ಮೆ ತೊಳೆಯಲೇಬೇಕು. ಡಿಸ್ಟಿಲ್ಡ್ ನೀರು, ಒಂದು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್, ಮೆತ್ತನೆ ಬಟ್ಟೆ. ಗೆರೆ ಹೋದ ದಿಕ್ಕಿನಲ್ಲೇ ಒರೆಸಿ, ಲೇಬಲ್ ನೆನೆಸಬೇಡಿ, ಬಿಸಿಲಲ್ಲಿ ಒಣಗಿಸಬೇಡಿ. ಆಮೇಲೆ ನೆಟ್ಟಗೆ ನಿಲ್ಲಿಸಿಡಿ.

ಇಷ್ಟೆಲ್ಲ ಮಾಡಿ, ಎರಡನೇ ಬದಿ ಮೂರು ಸಲ ಕೇಳಿದ ಮೇಲೂ ಬೇಡ ಅನ್ನಿಸಿದರೆ ಧಾರಾಳವಾಗಿ ಮಾರಿ. ಗುಂಪಿಗೆ ಹಾಕೋ ಮುಂಚೆ ನನಗೊಂದು ಮೆಸೇಜ್ ಹಾಕಿ. ನನ್ನ ಕಾಪಿಯ ಎರಡನೇ ಬದಿ ಸವೆದು ಬೂದು ಬಣ್ಣಕ್ಕೆ ತಿರುಗಿದೆ. ಮೊದಲನೇದು ಇನ್ನೂ ಹೊಸದರ ಹಾಗೆ ಹೊಳೆಯುತ್ತೆ.