ಕೇಸು ಇಳಿದಿದೆಯೋ, ರಕ್ತಪರೀಕ್ಷೆ ಇಳಿದಿದೆಯೋ? ಮಲೇರಿಯಾ ಕುರಿತ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಭಾಗದಲ್ಲಿ ಮಲೇರಿಯಾ ಒಂದೇ ವರ್ಷದಲ್ಲಿ ಶೇ 40ರಷ್ಟು ಇಳಿದಿದೆ ಎಂದು ಸಭೆಯಲ್ಲಿ ಹೇಳಿದರು. ಊರಲ್ಲಿ ಜ್ವರವೇನೂ ಕಡಿಮೆಯಾದಂತೆ ಕಾಣುತ್ತಿಲ್ಲ. ಈ ಅಂಕಿಯನ್ನು ಹೇಗೆ ಓದಬೇಕು?
– ಗ್ರಾಮ ಪಂಚಾಯಿತಿ ಸದಸ್ಯೆ, ರಾಯಚೂರು ಜಿಲ್ಲೆ

ಉತ್ತರ: ಕೇಸಿನ ಸಂಖ್ಯೆಯನ್ನು ಎಂದೂ ಒಂಟಿಯಾಗಿ ಓದಬಾರದು. ಎಷ್ಟು ಜನರ ರಕ್ತಪರೀಕ್ಷೆ ಆಗಿದೆ ಎಂಬುದು ಪಕ್ಕದಲ್ಲೇ ಇರಬೇಕು. ಇಲಾಖೆಯ ವರದಿಯಲ್ಲಿ ಮೂರು ಅಂಕಿಗಳಿರುತ್ತವೆ, ಮೂರನ್ನೂ ಕೇಳಿ ಪಡೆಯಿರಿ. ಮೊದಲನೆಯದು ಎಪಿಐ, ಅಂದರೆ ವರ್ಷದಲ್ಲಿ ಸಾವಿರ ಜನಕ್ಕೆ ಎಷ್ಟು ಖಚಿತ ಪ್ರಕರಣ ಎಂಬುದು. ಎರಡನೆಯದು ಎಬಿಇಆರ್, ಜನಸಂಖ್ಯೆಯ ಶೇಕಡಾ ಎಷ್ಟು ಮಂದಿಗೆ ಪರೀಕ್ಷೆ ಆಗಿದೆ ಎಂಬುದು. ಮೂರನೆಯದು ಎಸ್‌ಪಿಆರ್, ಪರೀಕ್ಷೆ ಮಾಡಿದ ನೂರರಲ್ಲಿ ಎಷ್ಟು ಪಾಸಿಟಿವ್ ಎಂಬುದು.

ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ 30,000 ಜನ ಇದ್ದಾರೆ ಎಂದಿಟ್ಟುಕೊಳ್ಳೋಣ. ಹಿಂದಿನ ವರ್ಷ 3,000 ಜನರ ಪರೀಕ್ಷೆಯಾಗಿ 30 ಪಾಸಿಟಿವ್ ಬಂದಿತ್ತು: ಎಬಿಇಆರ್ ಶೇ 10, ಎಸ್‌ಪಿಆರ್ ಶೇ 1, ಎಪಿಐ 1. ಈ ವರ್ಷ 1,200 ಪರೀಕ್ಷೆಯಲ್ಲಿ 18 ಪಾಸಿಟಿವ್: ಎಬಿಇಆರ್ ಶೇ 4, ಎಸ್‌ಪಿಆರ್ ಶೇ 1.5, ಎಪಿಐ 0.6. ಎಪಿಐ ಮಾತ್ರ ನೋಡಿದರೆ ಶೇ 40ರ ಇಳಿಕೆ, ಸಭೆಯಲ್ಲಿ ಹೇಳಿದ್ದೂ ಸುಳ್ಳಲ್ಲ. ಆದರೆ ಪರೀಕ್ಷೆ ಅರ್ಧಕ್ಕೂ ಕೆಳಗಿಳಿದಿದೆ, ಪರೀಕ್ಷೆ ಆದವರಲ್ಲಿ ಪಾಸಿಟಿವ್ ಪ್ರಮಾಣ ಒಂದೂವರೆ ಪಟ್ಟಾಗಿದೆ. ಹಾಗಾದರೆ ಇಳಿದಿರುವುದು ಹುಡುಕಾಟ.

ವರ್ಷಕ್ಕೆ ಶೇ 10ರಷ್ಟಾದರೂ ಪರೀಕ್ಷೆ ಆಗಬೇಕು, ಸೋಂಕು ಹರಡುವ ತಿಂಗಳುಗಳಲ್ಲಿ ತಿಂಗಳಿಗೆ ಕನಿಷ್ಠ ಶೇ 1ರಷ್ಟು ಆಗಬೇಕು ಎಂಬುದು ನಿಯಮ. ಇದರಲ್ಲೂ ಒಂದು ಒಳಸುಳಿ ಇದೆ. ಗುರಿ ಮುಟ್ಟಿಸಲು ಮಾರ್ಚ್ ತಿಂಗಳಲ್ಲಿ ಜ್ವರವಿಲ್ಲದ ಶಾಲಾಮಕ್ಕಳ ಬೆರಳು ಚುಚ್ಚಿ ಸ್ಲೈಡ್ (ಸೂಕ್ಷ್ಮದರ್ಶಕದಲ್ಲಿ ನೋಡಲು ರಕ್ತ ಲೇಪಿಸಿದ ಗಾಜು) ತುಂಬಿಸಿದರೆ ಎಬಿಇಆರ್ ಚೆನ್ನಾಗಿಯೇ ಕಾಣುತ್ತದೆ, ಎಸ್‌ಪಿಆರ್ ಸೊನ್ನೆಗೆ ಬರುತ್ತದೆ. ಅದಕ್ಕೇ ತಿಂಗಳುವಾರು, ಉಪಕೇಂದ್ರವಾರು ಪಟ್ಟಿ ಕೇಳಿ. ತಾಲ್ಲೂಕಿನ ಸರಾಸರಿಯೊಳಗೆ ಒಂದು ತಾಂಡಾ ಅಥವಾ ಹಟ್ಟಿಯ ಹಾವಳಿ ಸುಲಭವಾಗಿ ಮುಚ್ಚಿಹೋಗುತ್ತದೆ. ಉಪಕೇಂದ್ರದ ಪಟ್ಟಿಯಲ್ಲಿ ಅದು ಎದ್ದು ಕಾಣುತ್ತದೆ.

ಪ್ರಶ್ನೆ: 2023ರಲ್ಲಿ ಭಾರತದಲ್ಲಿ ಸುಮಾರು 2.27 ಲಕ್ಷ ಮಲೇರಿಯಾ ಎಂದು ಒಂದು ಕಡೆ, ಸುಮಾರು 20 ಲಕ್ಷ ಎಂದು ಇನ್ನೊಂದು ಕಡೆ ಓದಿದೆ. ಯಾವುದು ನಿಜ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಎರಡೂ ನಿಜವೇ. ಮೊದಲನೆಯದು ಎಣಿಕೆ: ಪರೀಕ್ಷೆಯಲ್ಲಿ ಖಚಿತವಾಗಿ ಸರ್ಕಾರದ ದಾಖಲೆಗೆ ಸೇರಿದ ಪ್ರಕರಣಗಳು, 2,27,564. ಎರಡನೆಯದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ದಾಖಲೆಗೆ ಬಾರದವರು, ಮೆಡಿಕಲ್ ಶಾಪಿನ ಮಾತ್ರೆ ನುಂಗಿದವರು, ಪರೀಕ್ಷೆಯೇ ಆಗದವರು ಎಷ್ಟಿರಬಹುದು ಎಂದು ಲೆಕ್ಕ ಹಾಕಿ ಸೇರಿಸಿದ್ದು. ಏರಿಳಿತ ನೋಡುವಾಗ ಎಣಿಕೆಯನ್ನು ಎಣಿಕೆಯೊಂದಿಗೆ, ಅಂದಾಜನ್ನು ಅಂದಾಜಿನೊಂದಿಗೆ ಹೋಲಿಸಿದರೆ ಸಾಕು. 2015ರ ಎಣಿಕೆ 11,69,261 ಇತ್ತು. ಅಲ್ಲಿಂದ 2023ಕ್ಕೆ ಆದ ಇಳಿಕೆ ದೊಡ್ಡದೇ.

ಆ ಇಳಿಕೆಯಲ್ಲಿ ಒಡಿಶಾದ ಪಾಲು ಬಹಳ. 2017ರಲ್ಲಿ ಸುಮಾರು 3.5 ಲಕ್ಷ ಇದ್ದ ಪ್ರಕರಣ ಮರುವರ್ಷ ಸುಮಾರು 66 ಸಾವಿರಕ್ಕೆ ಬಂತು. ಒಂದು ಕೋಟಿಗೂ ಹೆಚ್ಚು ಕೀಟನಾಶಕ ಲೇಪಿತ ಸೊಳ್ಳೆಪರದೆ ಹಂಚಿದ್ದು ಒಂದು ಕಾರಣ. 'ದಮನ್' ಎಂಬ ಕಾರ್ಯಕ್ರಮದಲ್ಲಿ ದುರ್ಗಮ ಹಳ್ಳಿಗಳಿಗೆ ಹೋಗಿ ಜ್ವರ ಇರಲಿ ಬಿಡಲಿ ಎಲ್ಲರ ರಕ್ತ ಪರೀಕ್ಷಿಸಿ, ಪಾಸಿಟಿವ್ ಬಂದವರಿಗೆಲ್ಲ ಚಿಕಿತ್ಸೆ ಕೊಟ್ಟದ್ದು ಇನ್ನೊಂದು. ಛತ್ತೀಸಗಢದ ಬಸ್ತರ್‌ನಲ್ಲಿ 2020ರಲ್ಲಿ ಹೀಗೇ ಮನೆಮನೆ ಪರೀಕ್ಷೆ ಮಾಡಿದಾಗ ಮೊದಲ ಸುತ್ತಿನಲ್ಲಿ ಪಾಸಿಟಿವ್ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಜ್ವರವೇ ಇರಲಿಲ್ಲ. ಇಂಥ ಕಡೆ ಜ್ವರ ಬಂದವರನ್ನಷ್ಟೇ ಪರೀಕ್ಷಿಸುತ್ತ ಕೂತರೆ ಸೋಂಕಿನ ಬೇರು ಹಾಗೇ ಉಳಿಯುತ್ತದೆ. ಇಂಥ ಸುತ್ತಿನ ಮೊದಲ ತಿಂಗಳುಗಳಲ್ಲಿ ಕೇಸು ಏರಿದಂತೆ ಕಾಣುವುದು ಸಹಜ. ಆಗ ಜಿಲ್ಲೆಯ ಅಧಿಕಾರಿಯನ್ನು ಬೈಯುವುದು ತಪ್ಪು. ಹಾಗೆ ಬೈದರೆ ಮುಂದಿನ ವರ್ಷ ಯಾರೂ ಹುಡುಕಲು ಹೋಗುವುದಿಲ್ಲ.

ಪ್ರಶ್ನೆ: ಮಲೇರಿಯಾ ಮಳೆಗಾಲದ ಕಾಯಿಲೆ ಎನ್ನುತ್ತಾರೆ. ಹಾಗಿದ್ದರೆ ಕೆಲವು ರಾಜ್ಯಗಳಲ್ಲಿ ಚಳಿಗಾಲದಲ್ಲಿ ಏಕೆ ಹೆಚ್ಚು?
– ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕಾಲವನ್ನು ನಿರ್ಧರಿಸುವುದು ಮಳೆಯೊಂದೇ ಅಲ್ಲ, ಆಯಾ ಸೀಮೆಯ ಸೊಳ್ಳೆ ಕೂಡ. ಬಯಲುಸೀಮೆಯ ಹಳ್ಳಿಗಳಲ್ಲಿ ಹರಡುವುದು ಮುಖ್ಯವಾಗಿ ಅನಾಫಿಲಿಸ್ ಕ್ಯುಲಿಸಿಫೇಸಿಸ್. ಅದು ಗದ್ದೆ, ಕಾಲುವೆ, ಹಳ್ಳದ ಗುಂಡಿಗಳಲ್ಲಿ ಮರಿಮಾಡಿ ಕೊಟ್ಟಿಗೆಯಲ್ಲಿ ಕೂರುತ್ತದೆ, ಮಳೆ ಹಿಡಿದಂತೆ ಏರುತ್ತದೆ. ಒಡಿಶಾದ ಕೊರಾಪುಟ್, ಮಲ್ಕಾನ್‌ಗಿರಿಯಂಥ ಗುಡ್ಡದ ಬುಡದಲ್ಲಿ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ ಇದೆ. ಅದಕ್ಕೆ ಬೇಕಾದ್ದು ತಿಳಿಯಾಗಿ ನಿಧಾನಕ್ಕೆ ಹರಿಯುವ ತೊರೆ. ಜಡಿಮಳೆಯಲ್ಲಿ ತೊರೆ ರಭಸದಿಂದ ಹರಿದು ಮರಿಗಳು ಕೊಚ್ಚಿಹೋಗುತ್ತವೆ. ಮಳೆ ನಿಂತು ನೀರು ತಿಳಿಯಾದ ಮೇಲೆ ಅದರ ಕಾಲ. ಈಶಾನ್ಯದ ಕಾಡಂಚಿನಲ್ಲಿ ಬೈಮಾಯ್ ಮತ್ತು ಮಿನಿಮಸ್ ಕಚ್ಚುತ್ತವೆ. ಪಶ್ಚಿಮ ರಾಜಸ್ಥಾನದ ಮರುಭೂಮಿಯಲ್ಲಿ ಮಲೇರಿಯಾ ವರ್ಷಗಟ್ಟಲೆ ತಣ್ಣಗಿದ್ದು, ಮಳೆ ವಿಪರೀತವಾದ 1994ರಲ್ಲಿ ದೊಡ್ಡ ಸಾಂಕ್ರಾಮಿಕವಾಯಿತು.

ರೋಗಾಣುವಿನಲ್ಲೂ ವ್ಯತ್ಯಾಸವಿದೆ; ಮುಖ್ಯವಾದವು ವೈವಾಕ್ಸ್, ಫಾಲ್ಸಿಪ್ಯಾರಂ ಎಂಬ ಎರಡು ಬಗೆ. ವೈವಾಕ್ಸ್ ಮಳೆಯ ಆರಂಭದಲ್ಲೇ ಏರುತ್ತದೆ. ಅದರ ಸುಪ್ತ ರೂಪ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಅಡಗಿದ್ದು ಮತ್ತೆ ಏಳುವುದರಿಂದ, ಫೆಬ್ರುವರಿಯ ಜ್ವರ ಹಿಂದಿನ ಆಗಸ್ಟಿನ ಕಡಿತದ್ದೂ ಆಗಿರಬಹುದು. ಫಾಲ್ಸಿಪ್ಯಾರಂ ಸಾಮಾನ್ಯವಾಗಿ ಮಳೆಯ ಕೊನೆಗೆ, ಸೆಪ್ಟೆಂಬರ್ ನಂತರ ಏರುತ್ತದೆ.

ಇದಕ್ಕೂ ಸಿಂಪರಣೆಯ, ಅಂದರೆ ಮನೆಯೊಳಗಿನ ಗೋಡೆಗೆ ಸೊಳ್ಳೆ ಔಷಧ ಹೊಡೆಯುವ ದಿನಾಂಕಕ್ಕೂ ನೇರ ಸಂಬಂಧವಿದೆ. ನೀರು ನಿಂತು ಸೊಳ್ಳೆ ಹೊರಬರಲು 8–10 ದಿನ, ಸೊಳ್ಳೆಯೊಳಗೆ ರೋಗಾಣು ಬಲಿಯಲು 10–14 ದಿನ, ಕಚ್ಚಿಸಿಕೊಂಡವರಿಗೆ ಜ್ವರ ಬರಲು ಮತ್ತೆ ಅಷ್ಟೇ ದಿನ. ಕೇಸು ಏರಿದ್ದು ವರದಿಯಲ್ಲಿ ಕಾಣುವ ಹೊತ್ತಿಗೆ ಹರಡುವಿಕೆ ಶುರುವಾಗಿ ಒಂದು ತಿಂಗಳಾಗಿರುತ್ತದೆ. ಹಾಗಾಗಿ ಸಿಂಪರಣೆ ಕಳೆದ ಐದು ವರ್ಷಗಳ ತಿಂಗಳುವಾರು ಅಂಕಿ ನೋಡಿ ಏರಿಕೆಗೆ ಮೊದಲೇ ಮುಗಿಯಬೇಕು. ಟೆಂಡರು ಜುಲೈನಲ್ಲಿ ಕರೆದರೆ ಔಷಧ ಗೋಡೆಗೆ ಬೀಳುವುದು ರೋಗ ಇಳಿಯುವ ಕಾಲಕ್ಕೆ.

ಪ್ರಶ್ನೆ: ಕಿಟ್‌ನಲ್ಲಿ ನೆಗೆಟಿವ್ ಬಂದವರಿಗೆ ಸ್ಲೈಡ್‌ನಲ್ಲಿ ಪಾಸಿಟಿವ್ ಬರುತ್ತಿದೆ. ಎಲ್ಲಿ ತಪ್ಪುತ್ತಿದೆ?
– ಆಶಾ ಕಾರ್ಯಕರ್ತೆ, ಕಲಬುರಗಿ ಜಿಲ್ಲೆ

ಉತ್ತರ: ಮೊದಲು ಕಿಟ್, ಅಂದರೆ ಸ್ಥಳದಲ್ಲೇ ಫಲಿತಾಂಶ ತೋರಿಸುವ ಪರೀಕ್ಷಾಪಟ್ಟಿ, ಎಲ್ಲಿಟ್ಟಿದ್ದೀರಿ ನೋಡಿ. ನಿಮ್ಮ ಕಡೆಯ ಏಪ್ರಿಲ್–ಮೇ ಬಿಸಿಲಿನಲ್ಲಿ ಶೀಟಿನ ಮನೆಯ ಅಟ್ಟದ ಮೇಲಿಟ್ಟ ಕಿಟ್ ಅವಧಿ ಮುಗಿಯುವ ಮೊದಲೇ ಕೆಡುತ್ತದೆ. ಪೊಟ್ಟಣದ ಮೇಲೆ ಬರೆದ ಗರಿಷ್ಠ ಉಷ್ಣತೆ ಮೀರದ ಜಾಗ ಬೇಕು. ಮಣ್ಣಿನ ಮನೆಯ ಕೆಳಗಿನ ಗೂಡು ವಾಸಿ. ಎರಡನೆಯದು ರಕ್ತದ ಪ್ರಮಾಣ. ಬೇಕಾದ್ದು 5 ಮೈಕ್ರೋಲೀಟರ್, ಕಿಟ್‌ನ ಜೊತೆ ಬರುವ ಪಿಪೆಟ್ ಅಥವಾ ಲೂಪ್ ತುಂಬುವಷ್ಟು. ಬೆರಳನ್ನು ನೇರವಾಗಿ ಗುಂಡಿಗೆ ಒತ್ತಿದರೆ ಪಟ್ಟಿ ಕೆಂಪಾಗಿ ಗೆರೆ ಮುಚ್ಚಿಹೋಗುತ್ತದೆ. ಒಂದು ಕಂಪನಿಯ ಬಫರ್ (ಕಿಟ್ ಜೊತೆ ಬರುವ ದ್ರಾವಣ) ಇನ್ನೊಂದರ ಕಿಟ್‌ಗೆ ಹಾಕಬೇಡಿ, ಬಫರ್ ಮುಗಿದರೆ ನೀರಂತೂ ಕೂಡದು. ಓದುವ ಸಮಯ ಸಾಮಾನ್ಯವಾಗಿ 15–20 ನಿಮಿಷ. ಐದು ನಿಮಿಷಕ್ಕೆ ನೋಡಿ ಎಸೆದರೆ ತೆಳುವಾದ ಗೆರೆ ತಪ್ಪಿಹೋಗುತ್ತದೆ. ಮಸುಕು ಗೆರೆಯೂ ಪಾಸಿಟಿವ್. ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ತೋರಿಸುವ ಕಂಟ್ರೋಲ್ ಗೆರೆ ಬರದಿದ್ದರೆ ಆ ಕಿಟ್ ಲೆಕ್ಕಕ್ಕಿಲ್ಲ, ಹೊಸದರಲ್ಲಿ ಮತ್ತೆ ಮಾಡಿ.

ಎಲ್ಲ ಸರಿಯಿದ್ದರೂ ಮೈಕ್ರೋಲೀಟರ್‌ಗೆ 200ಕ್ಕಿಂತ ಕಡಿಮೆ ರೋಗಾಣು ಇದ್ದರೆ ಕಿಟ್ ತಪ್ಪಿಸಬಹುದು. ಪಳಗಿದ ಕಣ್ಣಿನ ತಂತ್ರಜ್ಞರು ದಪ್ಪ ಲೇಪನದಲ್ಲಿ 50ರಷ್ಟಿದ್ದರೂ ಹಿಡಿಯುತ್ತಾರೆ. ಆದ್ದರಿಂದ ಜ್ವರ ಬಿಡದಿದ್ದರೆ ನೆಗೆಟಿವ್ ಎಂದು ಕೈಬಿಡದೆ ಒಂದೆರಡು ದಿನದಲ್ಲಿ ಮತ್ತೆ ಪರೀಕ್ಷಿಸಿ. ಇನ್ನೊಂದು ಕಡೆಯಿಂದಲೂ ಎಚ್ಚರ ಬೇಕು: ಚಿಕಿತ್ಸೆ ಮುಗಿದು ಕೆಲವು ವಾರಗಳವರೆಗೆ ಕಿಟ್‌ನ ಫಾಲ್ಸಿಪ್ಯಾರಂ ಗೆರೆ ಉಳಿಯಬಹುದು. ಗುಣವಾಯಿತೇ ಎಂದು ನೋಡಲು ಸ್ಲೈಡೇ ಬೇಕು, ಇಲ್ಲವಾದರೆ ಹಳೆಯ ಕೇಸು ಹೊಸದಾಗಿ ಎರಡನೇ ಸಲ ಎಣಿಕೆಯಾಗುತ್ತದೆ. ಎಣ್ಣೆ ಜಿಡ್ಡಿನ ಗಾಜಿನ ಮೇಲೆ ಲೇಪನ ನಿಲ್ಲದೆ ಬಣ್ಣ ಹಾಕುವಾಗ ತೊಳೆದುಹೋಗುತ್ತದೆ. ಗಾಜನ್ನು ಅಂಚಿನಲ್ಲೇ ಹಿಡಿಯಿರಿ.

ಪ್ರಶ್ನೆ: ಮನೆಯೊಳಗೆ ಔಷಧ ಹೊಡೆಸಿದರೂ ಸೊಳ್ಳೆ ಹೋಗುವುದಿಲ್ಲ. ಹೊಡೆಸಿಕೊಳ್ಳಲೇಬೇಕೆ?
– ಗೃಹಿಣಿ, ಬಳ್ಳಾರಿ ಜಿಲ್ಲೆ

ಉತ್ತರ: ಹೊಡೆಸಿಕೊಳ್ಳಿ. ಅದು ಹಾರುವ ಸೊಳ್ಳೆಗಲ್ಲ. ರಕ್ತ ಹೀರಿ ಗೋಡೆಯ ಮೇಲೆ ವಿಶ್ರಾಂತಿಗೆ ಕೂರುವ ಮಲೇರಿಯಾ ಸೊಳ್ಳೆಗೆ. ಚರಂಡಿಯ ಕ್ಯೂಲೆಕ್ಸ್ ಸೊಳ್ಳೆ ನಿಮ್ಮನ್ನು ಕಚ್ಚುತ್ತಲೇ ಇರುತ್ತದೆ, ಆದರೆ ಅದು ಮಲೇರಿಯಾ ತರುವುದಿಲ್ಲ. ಡೆಲ್ಟಾಮೆಥ್ರಿನ್ ಶೇ 2.5ರ ಪುಡಿಯಾದರೆ 10 ಲೀಟರ್ ನೀರಿಗೆ 400 ಗ್ರಾಂ, ಅದು 500 ಚದರ ಮೀಟರ್ ಗೋಡೆಗೆ ಸಾಕು. ನಳಿಕೆ ಗೋಡೆಯಿಂದ 45 ಸೆಂಟಿಮೀಟರ್ ದೂರದಲ್ಲಿರಬೇಕು. ಮಲಗುವ ಕೋಣೆಗೆ ಬೀಗ ಹಾಕಿ ಕೊಟ್ಟಿಗೆ, ಜಗಲಿಗಷ್ಟೇ ಹೊಡೆಸಿದರೆ, ಅಥವಾ ಹಬ್ಬಕ್ಕೆಂದು ಮರುವಾರವೇ ಸುಣ್ಣ ಬಳಿದು ಸಾರಿಸಿದರೆ ಎಲ್ಲ ವ್ಯರ್ಥ. ಸುಣ್ಣ ಬಳಿಯುವುದಿದ್ದರೆ ಸಿಂಪರಣೆಗೆ ಮೊದಲೇ ಮುಗಿಸಿಕೊಳ್ಳಿ.

ಪ್ರಶ್ನೆ: ನಮ್ಮ ಕಟ್ಟಡದ ಕೆಲಸಗಾರರಲ್ಲಿ ಇಬ್ಬರಿಗೆ ಮಲೇರಿಯಾ. ಅವರು ಊರಿನಿಂದಲೇ ತಂದದ್ದು ಎಂದು ಬಿಡಬಹುದೇ?
– ಸೈಟ್ ಎಂಜಿನಿಯರ್, ಮಂಗಳೂರು

ಉತ್ತರ: ಬಿಡಬಾರದು. ಎಲ್ಲಿಂದ ಬಂತೆಂಬುದನ್ನು ನಿಮ್ಮ ಊಹೆಗಿಂತ ಪ್ರಯಾಣದ ದಿನಾಂಕ ಹೇಳುತ್ತದೆ. ಊರಿಂದ ಬಂದ ದಿನ, ಜ್ವರ ಶುರುವಾದ ದಿನ, ಹಿಂದೆ ಮಲೇರಿಯಾ ಬಂದಿತ್ತೇ ಎಂಬುದನ್ನು ಬರೆದಿಡಿ. ಬಂದು ಎರಡು ತಿಂಗಳಾದವರಿಗೆ ಫಾಲ್ಸಿಪ್ಯಾರಂ ಬಂದರೆ ಸೈಟಿನಲ್ಲೇ ಕಚ್ಚಿರುವ ಸಾಧ್ಯತೆ ಹೆಚ್ಚು. ಹೊರಗಿಂದ ತಂದದ್ದೇ ಆದರೂ ನಿಮ್ಮ ಸೈಟಿನ ಸೊಳ್ಳೆ ಅದನ್ನು ಅಕ್ಕಪಕ್ಕದ ಮನೆಗೆ ದಾಟಿಸುತ್ತದೆ.

ಮಂಗಳೂರಿನಲ್ಲಿ 2015ರಿಂದ ಪ್ರಕರಣಗಳನ್ನು ಟ್ಯಾಬ್ ಮೂಲಕ ವಿಳಾಸ ಸಮೇತ ದಾಖಲಿಸಿ, ಆ ಜಾಗಕ್ಕೇ ಹೋಗಿ ಸುತ್ತಲಿನವರ ರಕ್ತ ಪರೀಕ್ಷಿಸುವ ಕ್ರಮ ಬಂದ ಮೇಲೆ ಪ್ರಕರಣ ಗಣನೀಯವಾಗಿ ಇಳಿಯಿತು. ಆಸ್ಪತ್ರೆಯಲ್ಲಿ ಗುತ್ತಿಗೆದಾರರ ಕಚೇರಿಯ ವಿಳಾಸ ಕೊಟ್ಟರೆ ತಂಡ ತಪ್ಪು ಜಾಗಕ್ಕೆ ಹೋಗುತ್ತದೆ. ಕೆಲಸಗಾರರು ರಾತ್ರಿ ಮಲಗುವ ಜಾಗದ ವಿಳಾಸವನ್ನೇ ಕೊಡಿಸಿ. ನಗರದ ಸೊಳ್ಳೆ ಸ್ಟೀಫೆನ್ಸಿಗೆ ಶುದ್ಧ ನೀರು ಬೇಕು: ಲಿಫ್ಟ್ ಗುಂಡಿ, ಸ್ಲ್ಯಾಬ್ ಮೇಲೆ ಕ್ಯೂರಿಂಗ್‌ಗೆ ಕಟ್ಟಿದ ನೀರು, ಮುಚ್ಚಳವಿಲ್ಲದ ಡ್ರಮ್ಮು, ಬೇಸ್‌ಮೆಂಟಿನ ಒರತೆ. ವಾರಕ್ಕೊಂದು ದಿನ ಎಲ್ಲವನ್ನೂ ಖಾಲಿ ಮಾಡಿ ಒಣಗಿಸಿ. ಖಾಲಿ ಮಾಡಲಾಗದ ತೊಟ್ಟಿಗೆ ಗಪ್ಪಿ ಮೀನು ಬಿಡಿ. ಹತ್ತು ದಿನಕ್ಕೊಮ್ಮೆ ಎಂದರೆ ಅಷ್ಟರಲ್ಲಿ ಒಂದು ತಂಡ ಹಾರಿಹೋಗಿರುತ್ತದೆ.

ಪ್ರಶ್ನೆ: ಮೂರು ದಿನದ ಮಾತ್ರೆಗೆ ಜ್ವರ ಬಿಟ್ಟಿದೆ. ಉಳಿದ ಮಾತ್ರೆ ನುಂಗಲೇಬೇಕೆ?
– ಕೃಷಿಕರು, ಉಡುಪಿ ಜಿಲ್ಲೆ

ಉತ್ತರ: ವೈವಾಕ್ಸ್ ಆಗಿದ್ದರೆ ನುಂಗಲೇಬೇಕು. ಮೂರು ದಿನದ ಕ್ಲೋರೋಕ್ವಿನ್ ರಕ್ತದ ರೋಗಾಣುವನ್ನು ಕೊಲ್ಲುತ್ತದೆ, ಪಿತ್ತಜನಕಾಂಗದಲ್ಲಿ ಅಡಗಿದ್ದನ್ನು ಕೊಲ್ಲುವುದು 14 ದಿನದ ಪ್ರೈಮಾಕ್ವಿನ್. ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 15 ಮಿಲಿಗ್ರಾಂ, ಊಟವಾದ ಮೇಲೆ. ಗರ್ಭಿಣಿಯರಿಗೆ, ಹಸುಗೂಸುಗಳಿಗೆ, ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇರುವವರಿಗೆ ಇದನ್ನು ಕೊಡುವಂತಿಲ್ಲ. ಮೂತ್ರ ಕಪ್ಪು ಚಹಾದಂತಾದರೆ, ತುಟಿ ನೀಲಿಗಟ್ಟಿದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಿ. ಆಶಾ ಅಥವಾ ಆರೋಗ್ಯ ಸಹಾಯಕರು ದಿನವೂ ಬಂದು ಮಾತ್ರೆಯ ಖಾಲಿ ಪಟ್ಟಿ ನೋಡಲು ಕೇಳಿದರೆ ಬೇಸರಿಸಬೇಡಿ, ತೋರಿಸಿ. ನಡುವೆ ಬಿಟ್ಟರೆ ನಾಲ್ಕಾರು ತಿಂಗಳಲ್ಲಿ ಜ್ವರ ಮರುಕಳಿಸಬಹುದು, ಆಗ ನಿಮ್ಮನ್ನು ಕಚ್ಚಿದ ಸೊಳ್ಳೆ ಮನೆಯವರಿಗೂ ಅದನ್ನು ಹರಡುತ್ತದೆ.