ರಾತ್ರಿ ತುಂಬಿಸಿದ ಟ್ಯಾಂಕ್ ಬೆಳಿಗ್ಗೆ ಅರ್ಧವಾಗುವುದೇಕೆ?

ಪಂಚಾಯಿತಿ ಕಚೇರಿ, ಶಾಲೆ, ಸಮುದಾಯ ಭವನ ಮೂರಕ್ಕೂ ಒಂದೇ ಟ್ಯಾಂಕ್, ಅದೂ ರಾತ್ರಿಯೇ ಇಳಿಯುತ್ತದೆ ಎಂದಿದ್ದೀರಿ. ಹಾಗಿದ್ದರೆ ಕಾರಣ ಬಳಕೆಯಲ್ಲ, ಸೋರಿಕೆ, ಬಹುಪಾಲು ಶೌಚಾಲಯಗಳಲ್ಲೇ. ಹೊಸ ಕೊಳವೆಬಾವಿಯ ಮಾತು ಸದ್ಯಕ್ಕೆ ಬೇಡ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ನಮ್ಮ ಕೋಲಾರದಲ್ಲಿ ಇನ್ನಷ್ಟು ಆಳಕ್ಕೆ ಕೊರೆಯುವುದು ಕೊನೆಯ ದಾರಿಯಾಗಬೇಕು.

ಮೊದಲು ರಾತ್ರಿ ನೀರುಗಂಟಿಯಿಂದ ನೀರಿನ ಮಟ್ಟಕ್ಕೆ ಗುರುತು ಹಾಕಿಸಿ, ಟ್ಯಾಂಕಿನಿಂದ ಹೊರಹೋಗುವ ವಾಲ್ವ್ ಮುಚ್ಚಿಸಿ. ಆಗಲೂ ಮಟ್ಟ ಇಳಿದರೆ ಟ್ಯಾಂಕ್ ಅಥವಾ ಆ ವಾಲ್ವೇ ಸೋರುತ್ತಿದೆ. ಇಳಿಯದಿದ್ದರೆ ಅದನ್ನು ತೆರೆದಿಟ್ಟು, ದಿನಕ್ಕೊಂದು ಕಟ್ಟಡದ ವಾಲ್ವ್ ಮುಚ್ಚಿ ನೋಡಿ. ಯಾವುದನ್ನು ಮುಚ್ಚಿದಾಗ ಮಟ್ಟ ನಿಲ್ಲುತ್ತದೋ ದೋಷ ಅಲ್ಲಿದೆ.

ಅಲ್ಲಿನ ಪ್ರತಿ ಫ್ಲಶ್ ಟ್ಯಾಂಕಿಗೂ ಬಟ್ಟೆಗೆ ಹಾಕುವ ನೀಲಿಯ ಕೆಲವು ಹನಿ ಬಿಡಿ. ಕಾಲು ಗಂಟೆ ಯಾರೂ ಫ್ಲಶ್ ಮಾಡಬಾರದು. ಕೆಳಗೆ ಬೇಸಿನ್‌ನಲ್ಲಿ ನೀಲಿ ಇಳಿದಿದ್ದರೆ ಒಳಗಿನ ರಬ್ಬರ್ ವಾಷರ್ ಸವೆದಿದೆ. ಅದೊಂದನ್ನು ಬದಲಿಸಿದರೆ ಸಾಕು. ಇಡೀ ಟ್ಯಾಂಕ್ ಬದಲಿಸಬೇಕೆಂದರೆ ಒಪ್ಪಬೇಡಿ. ಎಲ್ಲೂ ನೀಲಿ ಕಾಣದಿದ್ದರೆ ನೆಲದಡಿಯ ಪೈಪ್ ಒಡೆದಿರಬಹುದು, ಸ್ಥಳ ನೋಡದೆ ಖಚಿತವಾಗಿ ಹೇಳಲಾರೆ. ಬೇಸಿಗೆಯಲ್ಲೂ ಹುಲ್ಲು ಹಸಿರಾಗಿರುವ ಜಾಗದಲ್ಲಿ ಮೊದಲು ಅಗೆಸಿ.

ಇನ್ನೊಂದು ಮಾತು. ಶುದ್ಧ ಕುಡಿಯುವ ನೀರಿನ ಘಟಕದಿಂದ ಶುದ್ಧೀಕರಿಸುವಾಗ ಹೊರಬೀಳುವ ತ್ಯಾಜ್ಯ ನೀರು ಚರಂಡಿ ಸೇರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅದನ್ನು ಪ್ರತ್ಯೇಕ ತೊಟ್ಟಿಗೆ ಹಿಡಿದು ಶೌಚಾಲಯ ತೊಳೆಯಲು ಬಳಸಿ. ಅದರಲ್ಲಿ ಕೊಳವೆಬಾವಿ ನೀರಿಗಿಂತಲೂ ಫ್ಲೋರೈಡ್ ಹೆಚ್ಚಿರುತ್ತದೆ, ದನಕರುಗಳಿಗೂ ಕುಡಿಸಬಾರದು. ತೊಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ಹಾಗೆಂದು ಬರೆಸಿ.

ಸೋರಿಕೆ ನಿಂತ ಮೇಲೆ ಮೋಟಾರ್ ಪೈಪಿಗೆ ಮೀಟರ್ ಹಾಕಿಸಿ, ದಿನವೂ ಅದೇ ಹೊತ್ತಿಗೆ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಲು ಹೇಳಿ.